ಮಿತವೂ ಜಿಪುಣತನವೂ

ನೀರನ್ನು ಅಳತೆಯರಿತು ಬಳಸುವವನನ್ನೂ, ದೀಪವನ್ನು ಆರಿಸಿಯೇ ಕೋಣೆಯಿಂದ ಹೊರಬರುವವನನ್ನೂ ಕಂಡು ಲೋಕವು ಸಾಮಾನ್ಯವಾಗಿ ಆಡುವ ಮಾತು ಒಂದೇ: "ಇವನು ಜಿಪುಣ." ಹೊರಗಿನಿಂದ ನೋಡಿದರೆ ಮಿತಕ್ಕೂ ಜಿಪುಣತನಕ್ಕೂ ಭೇದವು ಕಾಣದು, ಇಬ್ಬರ ಕೈಯೂ ಬಿಗಿಯೇ. ಆದರೆ ಆ ಬಿಗಿಯು ಯಾರಿಗಾಗಿ ಎಂದು ವಿಚಾರಿಸಿದೊಡನೆ ಭೇದವು ಸ್ಪಷ್ಟವಾಗುತ್ತದೆ. ಜಿಪುಣನು ಉಳಿಸುವುದು ತನ್ನ ಪೆಟ್ಟಿಗೆಗೆ. ಮಿತವಂತನು ಉಳಿಸುವುದು ತಾನು ಎಂದೂ ಕಾಣದಿರುವ ಇನ್ನೊಬ್ಬನ ಪಾಲಿಗೆ. ಈ ಕಾಣದವನ ವಿಷಯದಲ್ಲಿ ನಮಗೆ ಕರ್ತವ್ಯವುಂಟೇ? ಉಂಟಾದರೆ ಅದು ಅಡಿಗೆಮನೆ ಬಚ್ಚಲುಮನೆಗಳವರೆಗೂ ಬರತಕ್ಕದ್ದೇ? ಇದೇ ಇಲ್ಲಿಯ ಪ್ರಶ್ನೆ.

ಯೋಗಸೂತ್ರವು ಹೇಳುವ ಐದು ಯಮಗಳಲ್ಲಿ ಅಸ್ತೇಯವೂ ಅಪರಿಗ್ರಹವೂ ಸೇರಿವೆ. ಗಾಂಧೀಜಿಯವರು 1930ರಲ್ಲಿ ಯೆರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಅಸ್ತೇಯದ ಅರ್ಥವನ್ನು ಬೆಳೆಯಿಸಿ, ತನಗೆ ಅಗತ್ಯವಿಲ್ಲದುದನ್ನು ತೆಗೆದುಕೊಳ್ಳುವುದೂ ಕಳವೇ ಎಂದು ವಿವರಿಸಿದರು. ಕೇಳಿದೊಡನೆ ಇದು ಅತಿಶಯೋಕ್ತಿಯೆನಿಸುವುದು ಸಹಜ. ಹಣ ಕೊಟ್ಟು ಪಡೆದುದು ಕಳವು ಹೇಗಾದೀತು? ಆದರೆ ನಾವು ತೆತ್ತ ಹಣವು ವಸ್ತುವಿನ ಪೂರ್ಣ ಬೆಲೆಯೇ ಎಂಬುದನ್ನು ಮೊದಲು ನೋಡಬೇಕು.

ಬೆಂಗಳೂರಿನ ನೀರನ್ನೇ ತೆಗೆದುಕೊಳ್ಳೋಣ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ಕಾವೇರಿಯು ಸುಮಾರು 100 ಕಿಲೋಮೀಟರು ದೂರ ಸಾಗಿ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಆ ನಗರವನ್ನು ಸೇರಬೇಕು. ಯಂತ್ರಗಳಲ್ಲಿ ಯಾವ ನಷ್ಟವೂ ಆಗದೆಂದು ಭಾವಿಸಿದರೂ, ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಒಂದೂಕಾಲು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯು, ಹನಿಗೆ ಕಾಲು ಮಿಲಿಲೀಟರೆಂದು ಎಣಿಸಿದರೆ, ದಿನಕ್ಕೆ 21 ಲೀಟರಿಗೂ ಮಿಕ್ಕಿ ಹರಿಸುತ್ತದೆ. ಅದು ಒಬ್ಬನು ಬಕೆಟ್ಟಿನಿಂದ ಮಾಡುವ ಒಂದು ಸ್ನಾನ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡವನ್ನು ಜಲಮಂಡಳಿಯು ಗೊತ್ತುಮಾಡಿತು. ಬತ್ತಿದ ನದಿಗೂ ಕಾದು ಕುಳಿತ ನಾಲೆಯ ಕೊನೆಯ ರೈತನಿಗೂ ಸಲ್ಲಬೇಕಾದ ಬೆಲೆಯು ತಿಂಗಳ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಬರೆಯದ ಆ ಬೆಲೆಯನ್ನು ತೆರದೆ ಬಳಸಿದುದೇ ಕಳವಿಗೆ ಹತ್ತಿರವಾದುದು.

ಹಿಂದಿನವರು ಇದನ್ನು ಅರಿತಿದ್ದರೆಂದು ಹೊಗಳುವುದು ವಾಡಿಕೆ. ಅದರಲ್ಲಿ ಅರ್ಧ ಸತ್ಯವಿದೆ. ಬಾವಿಯಿಂದ ಸೇದುವ ಕೈಗೆ ನೀರಿನ ತೂಕವು ತಿಳಿದಿತ್ತು; ನಲ್ಲಿಯನ್ನು ತಿರುಗಿಸುವ ಬೆರಳಿಗೆ ತಿಳಿಯದು. ಆದರೆ ಸೇದಿದ ಕೈ ಯಾರದು? ಬಹುಪಾಲು ಮನೆಗಳಲ್ಲಿ ಹೆಂಗಸರದು. ಅಂದಿನ ಮಿತವು ಅವರ ತೋಳಿನ ನೋವಿನಿಂದ ಹುಟ್ಟಿದ್ದು. ಅದನ್ನು ಮರಳಿ ಬಯಸುವುದು ಸಲ್ಲದು. ಶ್ರಮವು ಕಲಿಸಿದ ಅಳತೆಯನ್ನು ಶ್ರಮವಿಲ್ಲದೆಯೂ ಉಳಿಸಿಕೊಳ್ಳುವುದೇ ನಮ್ಮ ಕಾಲದ ಸಾಧನೆ. ಬೇಳೆಯನ್ನು ನೆನೆಯಿಟ್ಟು ಬೇಯಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಅಕ್ಕಿ ತೊಳೆದ ನೀರನ್ನು ತುಳಸಿಗೋ ಕರಿಬೇವಿಗೋ ಎರೆಯುವುದು, ಸಂತೆಗೆ ಕೈಚೀಲ ಒಯ್ಯುವುದು, ಹರಿದುದನ್ನು ಹೊಲಿದು ಉಡುವುದು: ಇವು ಯಾರನ್ನೂ ದಣಿಸುವಂಥವಲ್ಲ. ಇವಕ್ಕೆ ಬೇಕಾದುದು ಬಲವಲ್ಲ, ನೆನಪು.

ಇನ್ನು ಕಸದ ಮಾತು. ಮನೆಯ ಕಸದಲ್ಲಿ ಹೆಚ್ಚಿನ ಪಾಲು ಸಿಪ್ಪೆ, ಸೊಪ್ಪಿನ ಕಡ್ಡಿ, ಉಳಿದ ಅನ್ನ. ಇವು ತೂತುಳ್ಳ ಮಡಕೆಯಲ್ಲಿ ಒಣ ಎಲೆಯೊಡನೆ ಗಾಳಿಯಾಡಿಕೊಂಡಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತವೆ. ಅವೇ ತಿಪ್ಪೆಯಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲಾಮ್ಲಕ್ಕಿಂತ 27 ಮಡಿಗೂ ಹೆಚ್ಚು ತಾಪಕಾರಿ. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದ ಜನರು ಪ್ರತಿಭಟಿಸಿ 2012ರಲ್ಲಿ ಅದನ್ನು ನಿಲ್ಲಿಸಿದರು. ಮಂಡೂರಿನವರು 2014ರಲ್ಲಿ ನಿಲ್ಲಿಸಿದರು. ನಾವು 'ಆಚೆ ಎಸೆದೆವು' ಎಂದುಕೊಂಡುದು ಇನ್ನೊಬ್ಬರ ಅಂಗಳವಾಗಿತ್ತು. ಹಸಿ, ಒಣ, ಅಪಾಯಕರವೆಂದು ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ನಿಯಮವಿಲ್ಲದಿದ್ದರೂ ವಿವೇಕವು ಅದನ್ನೇ ಹೇಳುತ್ತದೆ. ಅನ್ನದೊಳಗೆ ಮುಚ್ಚಿದ ಒಡೆದ ಗಾಜು ಕೊಯ್ಯುವುದು ಎಸೆದವನ ಕೈಯನ್ನಲ್ಲ, ಪೌರಕಾರ್ಮಿಕನ ಕೈಯನ್ನು. ಕಾಣದವನೆಂದು ಮೊದಲಲ್ಲಿ ಹೇಳಿದೆವಷ್ಟೆ. ನಿಜಕ್ಕೂ ಆತನು ದಿನವೂ ಬೆಳಗ್ಗೆ ನಮ್ಮ ಬಾಗಿಲಿಗೇ ಬರುತ್ತಾನೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ನಾಡಿನ ನೀರಿನ ದೊಡ್ಡ ಪಾಲು ಹೊಲಗದ್ದೆಗಳಿಗೆ ಹೋಗುತ್ತದೆ. ಹೊಗೆಯನ್ನು ಉಗುಳುವುವು ಕಲ್ಲಿದ್ದಲಿನ ಸ್ಥಾವರಗಳು. ಒಂದು ಮನೆಯ ಉಳಿತಾಯದಿಂದ ಆಗುವುದೇನು? ಈ ಆಕ್ಷೇಪವು ಸುಳ್ಳಲ್ಲ. ನಲ್ಲಿಯನ್ನು ಬಿಗಿಮಾಡಿದ ಮಾತ್ರಕ್ಕೆ ಪೃಥ್ವಿಯನ್ನು ಉದ್ಧರಿಸಿದೆನೆಂದು ಬೀಗುವವನು, ತನ್ನ ಊರಿನ ಕೆರೆಯು ಒತ್ತುವರಿಯಾಗುವುದನ್ನು ಕಂಡೂ ಸುಮ್ಮನಿದ್ದರೆ, ಅವನ ಮಿತವು ಬರಿಯ ಮಡಿಯಾದೀತು. ಆದರೆ ಫಲವು ಸಣ್ಣದೆಂಬ ಕಾರಣದಿಂದ ಕರ್ತವ್ಯವು ಇಲ್ಲವಾಗದು. ಎಲ್ಲರೂ ಸುಳ್ಳಾಡುವ ಊರಿನಲ್ಲಿ ನನ್ನ ಒಂದು ಸತ್ಯದಿಂದ ಊರು ತಿದ್ದದಿರಬಹುದು. ಆದುದರಿಂದ ನಾನು ಸುಳ್ಳಾಡಬಹುದೆಂದು ಯಾರೂ ಒಪ್ಪರು. ಅಲ್ಲದೆ, ಮನೆಯಲ್ಲಿ ಹನಿಯ ಲೆಕ್ಕವನ್ನು ಬಲ್ಲವನೇ ಸಭೆಯಲ್ಲಿ ಕೆರೆಯ ಲೆಕ್ಕವನ್ನು ಕೇಳಬಲ್ಲನು.

ಎರಡು ಎಚ್ಚರಗಳು ಮಾತ್ರ ಅವಶ್ಯ. ಬೀದಿನಲ್ಲಿಯಲ್ಲಿ ನಾಲ್ಕು ಕೊಡಕ್ಕಾಗಿ ಸಾಲುನಿಂತವರಿಗೆ ಮಿತವನ್ನು ಬೋಧಿಸುವುದು ಕ್ರೌರ್ಯ. ಇಲ್ಲದವನ ಕೊರತೆಯು ವ್ರತವಲ್ಲ. ಎರಡನೆಯದಾಗಿ, ಗಂಡಸು ಸಂಕಲ್ಪ ಮಾಡಿ ಹೆಂಗಸು ದುಡಿಯುವ ಏರ್ಪಾಡು ಧರ್ಮವೆನಿಸದು. ಕಸ ಬೇರ್ಪಡಿಸುವ ಕೈ, ಬಟ್ಟೆಯ ಚೀಲ ಒಗೆಯುವ ಕೈ ಮನೆಯ ಎಲ್ಲರದೂ ಆಗಬೇಕು.

ಎಲೆಯ ಮೇಲೆ ಬೇಕಾದಷ್ಟೇ ಬಡಿಸಿಕೊಂಡು, ಬಡಿಸಿದುದನ್ನು ಚೆಲ್ಲದೆ ಏಳುವುದನ್ನು ನಮ್ಮಲ್ಲಿ ಯಾರೂ ಜಿಪುಣತನವೆನ್ನುವುದಿಲ್ಲ. ಅದು ಪಂಕ್ತಿಯ ಮರ್ಯಾದೆ. ಪಂಕ್ತಿಯು ನಮ್ಮ ಕಣ್ಣಿಗೆ ಕಾಣುವಷ್ಟೇ ಉದ್ದವಲ್ಲ, ಮುಂದೆ ಹುಟ್ಟಲಿರುವವರೂ ಅದರಲ್ಲಿ ಕುಳಿತಿದ್ದಾರೆ ಎಂದು ತಿಳಿದರೆ, ಮಿಕ್ಕ ನಿಯಮಗಳನ್ನು ಬೇರೆಯಾಗಿ ಹೇಳಬೇಕಾಗಿಲ್ಲ.