ಒಂದು ಸಾವಿಗೆ ಒಂದೇ ಕಾರಣವೇ?

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಬಸ್‌ಸ್ಟ್ಯಾಂಡುಗಳಲ್ಲಿ ಒಂದೇ ಮಾತು: ಹಾರ್ಟ್ ಅಟ್ಯಾಕ್, ಅದೂ ಚಿಕ್ಕ ವಯಸ್ಸಿನವರಿಗೆ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. 20 ಹೃದಯಕ್ಕೆ ಸಂಬಂಧಿಸಿದವು, ಉಳಿದವಕ್ಕೆ ಬೇರೆ ಕಾರಣ, ಅಸಹಜ ಏರಿಕೆಯೇನೂ ಇಲ್ಲ ಎಂದಿತು.

ಎದೆಯ ಲೆಕ್ಕವೇನೋ ಸಿಕ್ಕಿತು. ಮನೆಮನೆಯ ನಿದ್ದೆಗೆಡಿಸಿದ ಭಯಕ್ಕೆ ಯಾವ ಸಮಿತಿಯೂ ಕೂರಲಿಲ್ಲ.

ಮನಸ್ಸಿನ ಲೆಕ್ಕದಲ್ಲಿ ದೇಶವೇ ಹಿಂದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಿಗೆ ಹೋಯಿತು. ಅದರಲ್ಲಿ ಕರ್ನಾಟಕವೇ ಇರಲಿಲ್ಲ. 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ ಎಂದು ಅದು ಹೇಳಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ಪೊಲೀಸ್ ಕಡತದಿಂದ ಬರುವ ಆ ಕೋಷ್ಟಕದಲ್ಲಿ ಒಂದು ಜೀವಕ್ಕೆ ಒಂದು ಕಾರಣ: ಪರೀಕ್ಷೆಯಲ್ಲಿ ಫೇಲ್, ಕೌಟುಂಬಿಕ ಸಮಸ್ಯೆ, ಪ್ರೇಮ.

ಇದು ಅಂಕಿಅಂಶದ ಕೊರತೆಯಷ್ಟೇ ಅಲ್ಲ, ಸತ್ಯವೆಂದರೇನು ಎಂಬ ಹಳೆಯ ಪ್ರಶ್ನೆ. ಅದನ್ನು ತಲೆಮಾರುಗಳ ಕಾಲ ಚರ್ಚಿಸಿದ ನೆಲ ಇದೇ ಹಾಸನ ಜಿಲ್ಲೆಯಲ್ಲಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯೊಳಗೆ, 1129ರಲ್ಲಿ ಸಲ್ಲೇಖನವೆಂಬ ಜೈನ ಉಪವಾಸ ವ್ರತದಿಂದ ದೇಹ ಬಿಟ್ಟ ಮಲ್ಲಿಷೇಣ ಮುನಿಯ ಶಾಸನವಿದೆ. ವ್ರತದ ಮರಣವೇ ಬೇರೆ, ಎಳೆಯರ ಹತಾಶೆಯೇ ಬೇರೆ, ಎರಡನ್ನೂ ಒಂದೆನ್ನುವಂತಿಲ್ಲ. ನೋಡಬೇಕಾದದ್ದು ಬರೆದ ರೀತಿಯನ್ನು. ಒಬ್ಬರ ಸಾವನ್ನು ದಾಖಲಿಸಲು ಆ ಕಲ್ಲು ಆಚಾರ್ಯ ಸಮಂತಭದ್ರನೂ ಸೇರಿದಂತೆ ಇಡೀ ಗುರುಪರಂಪರೆಯನ್ನೇ ಹೇಳುತ್ತದೆ. ಆ ಪರಂಪರೆ ಬೆಳೆಸಿದ ಸ್ಯಾದ್ವಾದದ ಪ್ರಕಾರ ಯಾವ ಹೇಳಿಕೆಯಾದರೂ ಒಂದು ನೆಲೆಯಿಂದ ಮಾತ್ರ ನಿಜ. ಒಬ್ಬ ವಿದ್ಯಾರ್ಥಿಯ ಸಾವಿನಲ್ಲಿ ಪೊಲೀಸರಿಗೆ ಕಂಡದ್ದು ಫೇಲಾದ ಅಂಕಪಟ್ಟಿ. ತಾಯಿಗೆ ಗೊತ್ತಿದ್ದದ್ದು ತಿಂಗಳುಗಟ್ಟಲೆ ಊಟ ಸೇರದ ಮಗು. ಗೆಳೆಯನಿಗೆ ಗೊತ್ತಿದ್ದದ್ದು ಹಾಸ್ಟೆಲಿನ ಅವಮಾನ. ಒಂದನ್ನೇ ಬರೆದು ಉಳಿದೆರಡನ್ನು ಬಿಟ್ಟರೆ ಬರೆದದ್ದೂ ಸುಳ್ಳಾಗುತ್ತದೆ.

ನೋವನ್ನು ಎಣಿಸಲಾಗದು ಎನ್ನುವವರಿದ್ದಾರೆ. ಎಣಿಸದೆ ಬಿಟ್ಟ ನೋವಿಗೆ ಬಜೆಟ್ಟಿನಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ. ಆದ್ದರಿಂದ ಎಣಿಸಲೇಬೇಕು, ಮಕ್ಕಳ ಮಾತಿಗೂ ಅದರಲ್ಲಿ ಜಾಗವಿರಬೇಕು.

ಕಷ್ಟವಿರುವುದು ಇಲ್ಲೇ. ಅರಕಲಗೂಡಿನ ಪಿಯು ಹುಡುಗಿಯೊಬ್ಬಳು, ಸಮೀಕ್ಷೆಯ ನಮೂನೆಯಲ್ಲಿ ಕೊಡುವ ತನ್ನ ಉತ್ತರ ಮನೆಗೆ ಮುಟ್ಟುತ್ತದೆಂದು ಅನ್ನಿಸಿದರೆ ನಿಜ ಬರೆಯಲಾರಳು. ಹೆಸರನ್ನೇ ಕೇಳದಿದ್ದರೆ ಅವಳಿಗೆ ನೆರವಾಗುವ ದಾರಿ ಮುಚ್ಚುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದೇ ಒಪ್ಪಿದೆ. ಹಾಗಿದ್ದಮೇಲೆ ನಮೂನೆಯಲ್ಲಿ ಹೆಸರು ಬೇಡ. ಬದಲಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಅದೇ ಹಾಳೆಯ ಮೇಲಿರಲಿ, ಹರಿದು ಜೇಬಿಗಿಟ್ಟುಕೊಳ್ಳುವಂತೆ. ಕರೆ ಮಾಡಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಲಿ.