ಕೆಳಗಿನ ದಿಕ್ಕಿಗೆ ನಮಸ್ಕಾರ

 

ಕಳೆದ ಭಾನುವಾರದ ಅಧ್ಯಯನ ಮುಗಿದ ಮೇಲೆ ಬಳಗದ ಯುವಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಅವರೀಗ ಮೇಲ್ವಿಚಾರಕರು. "ಸರ್, ಕೈ ಕೆಳಗೆ ಹದಿನೆಂಟು ಜನ ಅದಾರೆ. ಹೆಂಗೆ ನಂಬೋದು ಇವ್ರನ್ನ? ಕಣ್ಣು ತಪ್ಪಿದ್ರೆ ಕೂತ್ಕಂಬಿಡ್ತಾರೆ" ಅಂದರು. ಆ ಯುವಕರ ತಾತ ಜೀತಕ್ಕಿದ್ದವರು. ಇದೇ ಮಾತನ್ನು ಆ ತಾತನ ಬಗ್ಗೆಯೂ ಯಾರೋ ಜಗಲಿಯ ಮೇಲೆ ಕೂತು ಆಡಿರುತ್ತಾರೆ.

ಜೀತ ಪದ್ಧತಿಯ ನಿಷೇಧಕ್ಕೆ ಕಾನೂನು ಬಂದದ್ದು 1976ರಲ್ಲಿ. ಅದಾಗಿ ಒಂದೆರಡು ತಲೆಮಾರಿಗೆ ನಮ್ಮವರಲ್ಲೂ ಮೇಸ್ತ್ರಿಗಳು, ಗುತ್ತಿಗೆದಾರರು, ಅಂಗಡಿ ಮಾಲೀಕರು, ಕಚೇರಿಯ ಮುಖ್ಯಸ್ಥರು ಆಗಿದ್ದಾರೆ. ಸಂತೋಷವೇ. ಆದರೆ ಆಳಿಸಿಕೊಂಡವರ ಮಕ್ಕಳು ಆಳುವುದನ್ನು ಯಾರಿಂದ ಕಲಿಯಬೇಕು? ಹಳೆಯ ಗೌಡರಿಂದಲೋ, ಬುದ್ಧನಿಂದಲೋ?

ಇಂದಿನ ಚಿಂತನೆಗೆ ದೀಘನಿಕಾಯದ ಸಿಗಾಲೋವಾದ ಸುತ್ತವನ್ನು ತೆಗೆದುಕೊಂಡಿದ್ದೇನೆ. ರಾಜಗೃಹದ ಸಿಗಾಲನೆಂಬ ಯುವಕ ಬೆಳಗ್ಗೆ ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ನಿಂತು ಆರು ದಿಕ್ಕುಗಳಿಗೂ ಕೈ ಮುಗಿಯುತ್ತಿದ್ದ. ತಂದೆ ಸಾಯುವಾಗ ಹೇಳಿದ್ದ ಮಾತು ಅದು. ಬುದ್ಧರು ಅವನ ಪೂಜೆಯನ್ನು ಹಳಿಯಲಿಲ್ಲ, ದಿಕ್ಕುಗಳ ಅರ್ಥವನ್ನೇ ಬದಲಿಸಿದರು. ತಂದೆ ತಾಯಿ ಪೂರ್ವ, ಗುರುಗಳು ದಕ್ಷಿಣ, ಹೆಂಡತಿ ಮಕ್ಕಳು ಪಶ್ಚಿಮ, ಗೆಳೆಯರು ಉತ್ತರ, ಶ್ರಮಣರು ಮೇಲಿನ ದಿಕ್ಕು. ಕೆಳಗಿನ ದಿಕ್ಕು ನಮ್ಮಲ್ಲಿ ದುಡಿಯುವವರು.

ಕೆಳಗಿನದು ಅಂದ ಕೂಡಲೇ ನಮ್ಮ ಮನಸ್ಸು ಕಹಿಯಾಗುತ್ತದೆ, ಆಗಲೇಬೇಕು. ಸುತ್ತದಲ್ಲಿ ದಾಸರು ಎಂಬ ಪದವೂ ಇದೆ. ಆ ಕಾಲದ ಸಮಾಜ ಹಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಾಲ ಕೆಳಗೆ ಇರುವುದು ನೆಲ, ಎಲ್ಲರೂ ನಿಂತಿರುವುದು ಅದರ ಮೇಲೆ. ಆ ದಿಕ್ಕಿಗೂ ಕೈ ಮುಗಿ ಎಂದು ಮನೆಯ ಯಜಮಾನನಿಗೇ ಹೇಳಿದ್ದು ಸಣ್ಣ ಮಾತಲ್ಲ.

ಕೈ ಮುಗಿಯುವುದೆಂದರೆ ಐದು ಕೆಲಸ ಮಾಡುವುದು. ಶಕ್ತಿಗೆ ತಕ್ಕ ಕೆಲಸ ಹಂಚಬೇಕು. ಹರೆಯದವರು ಮಾಡಬೇಕಾದ್ದನ್ನು ಮುದುಕರ ಮೇಲೆ ಹೊರಿಸಬಾರದು ಎಂದು ಅಟ್ಠಕಥೆ ಬಿಡಿಸಿ ಹೇಳುತ್ತದೆ. ಶೇಂಗಾ ಚೀಲ ಹೊರುವವರ ಬೆನ್ನಿಗೆ ಇದು ಬೇಗ ಅರ್ಥವಾದೀತು. ಊಟ ಮತ್ತು ಕೂಲಿ ಕೊಡಬೇಕು. ನಮ್ಮ ನಾಯಕನಹಟ್ಟಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ಕೂಲಿಯವರಿಗೆ ಅವರವರ ದುಡಿಮೆಗೆ ತಕ್ಕಷ್ಟು ಸಿಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಊರಿಗೇ ಬಾಯಿಪಾಠ. ಶನಿವಾರದ ಬಟವಾಡೆಯನ್ನು ಮಾತ್ರ ಮಂಗಳವಾರಕ್ಕೆ ತಳ್ಳುತ್ತೇವೆ. ಮೊಳಕಾಲ್ಮುರಿನ ಮಗ್ಗದ ಕೇರಿಗಳಲ್ಲಿ ಮುಂಗಡ ಕೊಡುವ ರೂಢಿಯಿದೆ. ಮುಂಗಡ ಕೊಟ್ಟರೆ ನೇಕಾರ ಬಿಟ್ಟು ಹೋಗಲಾರ, ಅಷ್ಟೇ. ಅದನ್ನು ನಂಬಿಕೆ ಎಂದು ನಾನು ಕರೆಯಲಾರೆ.

ಕಾಯಿಲೆಯಾದರೆ ನೋಡಿಕೊಳ್ಳಬೇಕು. ಇನ್ನೆರಡು ಮಾತು ನನಗೆ ಬಹಳ ಇಷ್ಟ. ಒಂದು, ವಿಶೇಷ ರುಚಿಯ ಅಡುಗೆ ಬಂದಾಗ ಹಂಚಿಕೊಳ್ಳುವುದು. ಯುಗಾದಿಯ ಹೋಳಿಗೆಯನ್ನು ಬಿಸಿ ಇದ್ದಾಗಲೇ ಕೊಟ್ಟರೋ, ಮರುದಿನ ಹಳಸುವ ಮುಂಚೆ ಕೊಟ್ಟರೋ ಎಂಬುದು ಕೆಲಸದವರಿಗೆ ಗೊತ್ತಾಗುತ್ತದೆ. ಇನ್ನೊಂದು, ಸಕಾಲಕ್ಕೆ ಬಿಡುವು. ದಿನವೂ ಹೊತ್ತಿಗೆ ಸರಿಯಾಗಿ ಬಿಡಬೇಕು, ಹಬ್ಬಕ್ಕೂ ಬಿಡಬೇಕು. ಫಾಲ್ಗುಣದಲ್ಲಿ ನಮ್ಮೂರ ತೇರಿನ ದಿನ ರಜೆ ಕೊಡದ ಮಾಲೀಕರ ಹೆಸರನ್ನು ಕೆಲಸದವರು ಮುಂದಿನ ತೇರಿನವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆಯ ದುಡಿಮೆ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿದದ್ದು ಅವರ ಕಾಲದಲ್ಲಿ. ಬಿಡುವಿನ ಈ ಮಾತು ಕಾನೂನಾಗಲು ಅಷ್ಟು ಕಾಲ ಬೇಕಾಯಿತು!

ಇವೆಲ್ಲ ಆದ ಮೇಲೆಯೇ ಸುತ್ತ ಕೆಲಸದವರ ಕಡೆ ತಿರುಗುವುದು: ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳುತ್ತಾರೆ, ಕೆಲಸ ಚೆನ್ನಾಗಿ ಮಾಡುತ್ತಾರೆ, ಯಜಮಾನನ ಬಗ್ಗೆ ನಾಲ್ಕು ಜನರಲ್ಲಿ ಒಳ್ಳೆಯ ಮಾತಾಡುತ್ತಾರೆ. ಈ ಅನುಕ್ರಮವನ್ನು ಗಮನಿಸಿ. 'ಇವರನ್ನು ಹೇಗೆ ನಂಬಲಿ' ಎಂಬ ಪ್ರಶ್ನೆ ಅಲ್ಲಿಲ್ಲ. ಮೊದಲ ಹೆಜ್ಜೆ ಇಡಬೇಕಾದ್ದು ಮೇಲಿನವರು, ಏಕೆಂದರೆ ಕೂಲಿ ತಡೆಯುವ ಶಕ್ತಿ ಇರುವುದು ಅವರ ಕೈಯಲ್ಲಿ.

ಬಿಡುವಾದಾಗ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. ಅಲ್ಲಿ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಶುರುವಾಗುವುದು ಆ ಅಧಿಕಾರಿಗಳ ಆರೋಗ್ಯ ವಿಚಾರಿಸುವುದರಿಂದ, ಆಜ್ಞೆ ಆಮೇಲೆ. ಮುಂದೆ ದೊರೆ ತನ್ನ ವಿಷಯ ಹೇಳಿಕೊಳ್ಳುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ನಾನು ಸರಿಯಾಗಿ ಶ್ರಮಿಸಲಿಲ್ಲ ಎಂದು. ಕೈ ಕೆಳಗಿನವರಿಗೆ ಕಳಿಸುವ ಸುತ್ತೋಲೆಯಲ್ಲಿ ಹೀಗೆ ಬರೆದ ಮೇಲಧಿಕಾರಿಯನ್ನು ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಂಡಿಲ್ಲ. ಆಮೇಲೆ ಹೇಳುತ್ತಾನೆ, ಶ್ರಮಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸಾಧಿಸಬಲ್ಲರು ಎಂದು.

ಆ ಬಂಡೆಯಲ್ಲಿ ಅಶೋಕ ಎಂಬ ಹೆಸರಿಲ್ಲ, 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದೆ. ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಬರೆದ ಕೆಲಸಗಾರನ ಹೆಸರು ಇವತ್ತಿಗೂ ಉಳಿದಿದೆ: ಚಪಡ.

ಭವತು ಸಬ್ಬ ಮಂಗಲಂ.