ಅನ್ನಪಾನನಿರೋಧವೂ ಉದ್ಯೋಗಸ್ಥ ತಾಯಿಯೂ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ. ಎಂದರೆ, ಆಶ್ರಿತ ಜೀವಿಗೆ ಸಕಾಲದಲ್ಲಿ ಆಹಾರ ದೊರೆಯದಂತೆ ಮಾಡುವುದು. ಇದನ್ನು ನಾವು ಹಟ್ಟಿಯ ದನಕರುಗಳಿಗೆ ಅನ್ವಯಿಸಿ ತೃಪ್ತರಾಗುತ್ತೇವೆ. ಉದ್ಯೋಗಸ್ಥ ತಾಯಿಯ ಹಸುಗೂಸಿಗೆ ಇದು ಅನ್ವಯಿಸದೇ?

ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲೊಂದೇ ಸಾಕು; ಅನಂತರವೂ ಅದು ಬೇಕು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸಲು ಬಿಡುವು ನೀಡಿತು. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಆದರೆ ಮನೆ ದೂರವಿದ್ದರೆ, ಆ ಬಿಡುವಿನಲ್ಲಿ ತಾಯಿ ಹಾಲನ್ನು ಹಿಂಡಿ ತೆಗೆದಿಡಬೇಕು. ತೆಗೆಯದಿದ್ದರೆ ಎದೆ ಬಿಗಿದು ನೋಯುತ್ತದೆ. ಕ್ರಮೇಣ ಹಾಲೇ ಕಡಿಮೆಯಾಗುತ್ತದೆ. ಇದಕ್ಕೆ ಬೇಕಾದುದು ಅಗುಳಿಯಿರುವ ಒಂದು ಕೋಣೆ, ಕೈ ತೊಳೆಯಲು ನೀರು, ಫ್ರಿಜ್ಜಿನಲ್ಲಿ ಸ್ವಲ್ಪ ಸ್ಥಳ. ಅದಿಲ್ಲದೆ ಎಷ್ಟೋ ತಾಯಂದಿರು ಶೌಚಾಲಯದಲ್ಲಿ ನಿಂತು ಮಗುವಿನ ಆಹಾರವನ್ನು ಸಿದ್ಧಪಡಿಸಬೇಕಾಗುತ್ತದೆ.

‘ನಾವೇನೂ ತಡೆದಿಲ್ಲವಲ್ಲ’ ಎಂದು ಆಡಳಿತದವರು ಹೇಳಬಹುದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಅದೇ ಸೂತ್ರಗ್ರಂಥವು ಪ್ರಮಾದವನ್ನೇ ಮುಂದಿಡುತ್ತದೆ. ಉದ್ದೇಶವಿರಲಿಲ್ಲವೆಂಬ ಮಾತು ಅಲಕ್ಷ್ಯವನ್ನು ತೊಳೆಯಲಾರದು.

ಶಾಲೆ, ಚಿಕಿತ್ಸಾಲಯಗಳನ್ನು ನಡೆಸುವ ನಮ್ಮ ಬಸದಿಗಳ ಟ್ರಸ್ಟುಗಳು ಮೊದಲು ತಮ್ಮ ಕಟ್ಟಡದಲ್ಲಿ ಅಂಥದೊಂದು ಕೋಣೆ ತೆರೆಯಲಿ. ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಕೊಂಡಾಡುವ ನಮಗೆ ಅದು ಹೆಚ್ಚಿನ ಹೊರೆಯಲ್ಲ.